ಮರಳಿನ ಸಂದಿಯಲ್ಲಿ ಮಂಜು: ಹಾಸನದ ಒಂದು ಮಳೆಗಾಲ

ಪಿವಿಸಿ ಪೈಪಿನ ತಳ ಕಳಚಿಕೊಂಡು ಮರಳೆಲ್ಲ ಮೇಜಿನ ಮೇಲೆ ಸುರಿದಾಗ ಪ್ರಯೋಗ ಶುರುವಾಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಒದ್ದೆ ಮರಳು, ಅದರಿಂದ ಸೋರಿ ಮೇಜಿನ ಅಂಚಿನವರೆಗೆ ಹರಿದ ದ್ರವ, ಮೂಗಿಗೆ ಅಡರುವ ಸಿಹಿಯಂಥ ಕಟು ವಾಸನೆ. ಓಡಿಹೋಗಿ ಕಿಟಕಿಗಳನ್ನು ತೆರೆದೆ. ಬಾಗಿಲಲ್ಲಿ ನಿಂತಿದ್ದ ಗೌಡರು ಮೂಗರಳಿಸಿ ಒಮ್ಮೆ ಉಸಿರೆಳೆದುಕೊಂಡು, “ಮೇಡಂ, ಇದು ಪೈಪ್ ಅಂಟಿಸುವ ಸಲ್ಯೂಶನ್ ವಾಸನೆ ಅಲ್ಲವೇ?” ಎಂದರು.

ಗೌಡರು ನಮ್ಮ ಕಾಲೇಜಿನ ಸಿವಿಲ್ ವಿಭಾಗದ ಲ್ಯಾಬ್ ಸಹಾಯಕರು. ಹಾಸನದ ಸುತ್ತಮುತ್ತ ಎದ್ದ ಅದೆಷ್ಟೋ ಕಟ್ಟಡಗಳ ಕಾಂಕ್ರೀಟ್ ಘನಗಳನ್ನು ಒಡೆದು ನೋಡಿದವರು. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಟೆಟ್ರಾಹೈಡ್ರೋಫ್ಯೂರಾನ್, ಚಿಕ್ಕದಾಗಿ ಟಿಎಚ್‌ಎಫ್, ಪಿವಿಸಿ ಅಂಟಿನಲ್ಲಿ ಬಳಸುವ ದ್ರಾವಕಗಳಲ್ಲಿ ಒಂದು. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಎರಡು ತುಂಡುಗಳನ್ನು ಒಂದಾಗಿಸುವುದೇ ಅದರ ಕೆಲಸ. ನಾನು ಅದನ್ನು ಪಿವಿಸಿ ಪೈಪಿನೊಳಗೇ, ಅದೂ ನೀರು ಬೆರೆಸುವ ಮೊದಲೇ ಸುರಿದಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು. ಪೈಪಿನ ಅಂಗಡಿಯ ವಾಸನೆ ನೆನಪಿಟ್ಟವರು ಅವರು.

ಅನಿಲ ಹೈಡ್ರೇಟ್ ಕುರಿತು ಸಂಶೋಧನೆ ಮಾಡುತ್ತಿದ್ದೇನೆ ಎಂದರೆ ಮೂಡಿಗೆರೆಯ ಕಡೆಯ ನಮ್ಮ ನೆಂಟರು ಕೇಳುವ ಮೊದಲ ಪ್ರಶ್ನೆ, “ಹಾಸನದಲ್ಲಿ ಸಮುದ್ರ ಎಲ್ಲಿದೆ?” ಎಂದು. ಪ್ರಶ್ನೆ ಸರಿಯಾಗಿಯೇ ಇದೆ. ಮೀಥೇನ್ ಹೈಡ್ರೇಟ್ ಸಿಗುವುದು ಆಳ ಸಮುದ್ರದ ಕೆಸರಿನಲ್ಲಿ ಅಥವಾ ಧ್ರುವ ಪ್ರದೇಶದ ಹೆಪ್ಪುಗಟ್ಟಿದ ನೆಲದಡಿಯಲ್ಲಿ. ಚಳಿ ಮತ್ತು ಒತ್ತಡ ಎರಡೂ ಕೂಡಿದ ಕಡೆ ನೀರಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪಂಜರ ಕಟ್ಟುತ್ತವೆ, ಒಳಗೆ ಮೀಥೇನ್ ಸಿಕ್ಕಿಹಾಕಿಕೊಳ್ಳುತ್ತದೆ. ಸೆರೆಯಾದ ಅನಿಲಕ್ಕೂ ನೀರಿಗೂ ರಾಸಾಯನಿಕ ಬಂಧವಿಲ್ಲ, ಬರೀ ಜಾಗದ ಸಂಬಂಧ. ನೋಡಲು ಥೇಟ್ ಮಂಜುಗಡ್ಡೆ, ಕಡ್ಡಿ ಗೀರಿದರೆ ಹೊತ್ತಿ ಉರಿಯುತ್ತದೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 160 ಘನ ಮೀಟರಿನಷ್ಟು ಅನಿಲ ಹೊರಬರುತ್ತದೆ. ಇಂಥ ಹರಳು ಇದೆಯೆಂದು ಜಗತ್ತಿಗೆ ಮೊದಲು ಗೊತ್ತಾದದ್ದು ಕ್ಲೋರಿನ್ ಮೂಲಕ, 1810ರಲ್ಲಿ, ಹಂಫ್ರಿ ಡೇವಿಯ ಪ್ರಯೋಗಾಲಯದಲ್ಲಿ. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಕುತೂಹಲದ ವಸ್ತುವಾಗಿ ಉಳಿಯಿತು. ಚಳಿಗಾಲದಲ್ಲಿ ಅನಿಲದ ಪೈಪುಗಳು ಕಟ್ಟಿಕೊಳ್ಳುವುದಕ್ಕೆ ಮಂಜುಗಡ್ಡೆಯಲ್ಲ, ಹೈಡ್ರೇಟ್ ಕಾರಣ ಎಂದು 1934ರಲ್ಲಿ ಹ್ಯಾಮರ್‌ಸ್ಮಿಟ್ ತೋರಿಸಿದ ಮೇಲೆ ಉದ್ಯಮದವರು ಎಚ್ಚೆತ್ತರು.

ನಮ್ಮ ದೇಶದ ಕತೆಯಲ್ಲಿ ಆಂಧ್ರದ ಕರಾವಳಿಯಾಚೆ ಬಂಗಾಳ ಕೊಲ್ಲಿಯ ತಳಕ್ಕೂ ಚಾಚಿರುವ ಕೃಷ್ಣಾ–ಗೋದಾವರಿ ಕಣಿವೆ ಬರುತ್ತದೆ. 2006ರಲ್ಲಿ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದಡಿ ‘ಜಾಯ್ಡಿಸ್ ರೆಸಲ್ಯೂಶನ್’ ಎಂಬ ಕೊರೆಯುವ ಹಡಗು ಅಲ್ಲಿ ಸಾವಿರ ಮೀಟರ್ ಆಸುಪಾಸಿನ ನೀರಿನಡಿಯ ಜೇಡಿಮಣ್ಣಿನಲ್ಲಿ ನೂರು ಮೀಟರಿಗೂ ಹೆಚ್ಚು ದಪ್ಪದ ಹೈಡ್ರೇಟ್ ಪದರವನ್ನು ಕಂಡಿತು. 2015ರಲ್ಲಿ ಜಪಾನಿನ ‘ಚಿಕ್ಯೂ’ ಬಂದು ಹೋಯಿತು. ಆಗ ಮರಳಿನ ಪದರಗಳಲ್ಲಿಯೂ ಹೈಡ್ರೇಟ್ ಇರುವುದು ಖಚಿತವಾಯಿತು. ನೆಂಟರಿಗೆ ನಾನು ಹೇಳುವುದು ಇಷ್ಟೇ: ಚಿಕ್ಕಮಗಳೂರಿನ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೊನೆಗೆ ಕೃಷ್ಣೆಯ ಪಾಲಾಗುತ್ತಾರೆ. ಅಣೆಕಟ್ಟು ಕಟ್ಟುವ ಮೊದಲು ನಮ್ಮ ಬೆಟ್ಟದ ಒಂದಿಷ್ಟು ಕೆಂಪು ಮಣ್ಣು ಆ ಸಮುದ್ರಕ್ಕೆ ಹೋಗಿಯೇ ಇರುತ್ತದೆ. ಹೇಮಾವತಿಯ ಮರಳು ಮಾತ್ರ ಆ ದಾರಿಯದಲ್ಲ, ಅದು ಕಾವೇರಿಯ ಕಡೆಗೆ.

ಮರಳೋ ಜೇಡಿಯೋ ಎಂಬುದು ಈ ಕೆಲಸದಲ್ಲಿ ಸಣ್ಣ ವಿಷಯವಲ್ಲ. ಹೈಡ್ರೇಟ್ ಎಷ್ಟಿದೆ ಎಂಬುದರಷ್ಟೇ, ಕಣಗಳ ನಡುವೆ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಕಣ ಕಣ ಸೇರುವ ಮೂಲೆಯಲ್ಲಿ ಕೂತರೆ ಅದು ಸಿಮೆಂಟಿನಂತೆ, ಸ್ವಲ್ಪವೇ ಇದ್ದರೂ ಮರಳು ಗಟ್ಟಿ. ಸಂದಿಯ ನಡುವೆ ತೇಲಿಕೊಂಡಿದ್ದರೆ ಗಟ್ಟಿತನಕ್ಕೆ ಅಷ್ಟೇನೂ ಕೊಡುಗೆ ಇಲ್ಲ. ಅನಿಲ ತೆಗೆಯಲು ಹೋಗಿ ಹೈಡ್ರೇಟ್ ಕರಗಿದಾಗ ಸಮುದ್ರದ ನೆಲ ಕುಸಿಯುತ್ತದೆಯೇ, ಮರಳು ಬಾವಿಯೊಳಗೆ ನುಗ್ಗುತ್ತದೆಯೇ ಎನ್ನುವ ಪ್ರಶ್ನೆಗಳೆಲ್ಲ ಇದಕ್ಕೇ ಗಂಟುಬಿದ್ದಿವೆ. ಇದನ್ನು ನಾನು ಹತ್ತಾರು ಪ್ರಬಂಧಗಳಲ್ಲಿ ಓದಿದ್ದೆ. ಅರ್ಥವಾದದ್ದು ಆ ಮಳೆಗಾಲದಲ್ಲಿ.

ನಿಜವಾದ ಮೀಥೇನ್‌ನಲ್ಲಿ ಮಾಡುವ ಆಸೆಯೇನೋ ಇತ್ತು. ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಥೇನ್ ಹೈಡ್ರೇಟ್ ಉಳಿಯಬೇಕಾದರೆ ವಾತಾವರಣದ ಒತ್ತಡದ ಸುಮಾರು ನಲವತ್ತು ಪಟ್ಟು ಬೇಕು. ಆ ಒತ್ತಡದಲ್ಲಿ ಸುಡುವ ಅನಿಲ ತುಂಬಿದ ಉಕ್ಕಿನ ಪಾತ್ರೆಯನ್ನು, ಪಕ್ಕದ ಕೋಣೆಯಲ್ಲಿ ಅರವತ್ತು ಮಕ್ಕಳು ಪಾಠ ಕೇಳುವ ಕಟ್ಟಡದಲ್ಲಿ ಇಡುತ್ತೇನೆ ಎಂದರೆ ಯಾರು ಒಪ್ಪಿಯಾರು? ನಮ್ಮ ಮಾರ್ಗದರ್ಶಕರು, “ನಿಮ್ಮ ಮನೆಯ ಗೋಬರ್ ಗ್ಯಾಸಿನಲ್ಲಿಯೂ ಮೀಥೇನ್ ಇದೆಯಮ್ಮ, ಅದರಲ್ಲಿ ಕಾಫಿ ಕಾಯಿಸಿಕೊಂಡು ಸುಮ್ಮನಿರು” ಎಂದು ನಕ್ಕು, ಟಿಎಚ್‌ಎಫ್ ಹೆಸರು ಹೇಳಿದರು. ಅದು ನೀರಿನಲ್ಲಿ ಪೂರ್ತಿ ಬೆರೆಯುವ ದ್ರವ. ನೂರು ಗ್ರಾಂ ದ್ರಾವಣದಲ್ಲಿ 19.1 ಗ್ರಾಂ ಟಿಎಚ್‌ಎಫ್ ಇದ್ದರೆ ಹದಿನೇಳು ನೀರಿನ ಅಣುಗಳಿಗೆ ಒಂದರಂತೆ ಲೆಕ್ಕ ಸರಿಹೋಗುತ್ತದೆ. 4.4 ಡಿಗ್ರಿಯ ಕೆಳಗೆ, ಯಾವ ಒತ್ತಡವೂ ಇಲ್ಲದೆ, ಇಡೀ ದ್ರಾವಣ ಹೈಡ್ರೇಟ್ ಆಗಬಲ್ಲದು. ಪಂಜರದ ವಿನ್ಯಾಸ ಮೀಥೇನ್‌ನದಕ್ಕಿಂತ ಬೇರೆ, ನಿಜ. ಆದರೆ ಮರಳಿನ ಗಟ್ಟಿತನ ಅಳೆಯುವ ಮಟ್ಟಿಗೆ ಎಷ್ಟೋ ಪ್ರಯೋಗಾಲಯಗಳು ಇದನ್ನೇ ಬದಲಿಯಾಗಿ ಬಳಸಿವೆ.

ಅದಕ್ಕೂ ಅದರದೇ ಕಿರಿಕಿರಿಗಳಿವೆ. ಬೇಗ ಹೊತ್ತಿಕೊಳ್ಳುತ್ತದೆ. ತೆರೆದಿಟ್ಟ ಹಳೆಯ ಬಾಟಲಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಪೆರಾಕ್ಸೈಡ್ ಕಟ್ಟುತ್ತದೆ, ಅದು ಸಿಡಿಯಬಹುದು. ಹಾಗಾಗಿ ಸಣ್ಣ ಬಾಟಲಿಗಳನ್ನೇ ತರಿಸಿ, ತೆರೆದ ದಿನಾಂಕ ಬರೆದು, ಪರೀಕ್ಷಾ ಪಟ್ಟಿ ಅದ್ದಿ ನೋಡಿಯೇ ಬಳಸುತ್ತಿದ್ದೆ. ಇಷ್ಟು ಜಾಗ್ರತೆ ಇದ್ದವಳು ಪಿವಿಸಿಯ ವಿಷಯ ಮರೆತದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ.

ಮರಳು ಸಿಕ್ಕಿದ್ದು ಗೌಡರ ಕಪಾಟಿನಲ್ಲೇ. ಹೊರಗೆ ಸಿಗುವುದು ಬಹುತೇಕ ಎಂ-ಸ್ಯಾಂಡ್. ಕಲ್ಲು ಪುಡಿ ಮಾಡಿದ್ದಾದ್ದರಿಂದ ಮೂಲೆಗಳು ಚೂಪು, ಎಷ್ಟು ತೊಳೆದರೂ ಧೂಳು ಬಿಡುತ್ತದೆ. ಸಿಮೆಂಟ್ ಪರೀಕ್ಷೆಗೆಂದು ತಮಿಳುನಾಡಿನ ಎನ್ನೂರಿನಿಂದ ಬರುವ ಪ್ರಮಾಣಿತ ಮರಳು ಸಿವಿಲ್ ಲ್ಯಾಬಿನಲ್ಲಿ ಸದಾ ಇರುತ್ತದೆ. ಮೂರು ದರ್ಜೆ, ಮೂರನೆಯದು 500 ಮೈಕ್ರಾನಿಗಿಂತ ಸಣ್ಣ, 90 ಮೈಕ್ರಾನಿಗಿಂತ ದೊಡ್ಡ ಕಣಗಳದು. ಬೂದುಬಿಳಿ, ಸಕ್ಕರೆಯಂತೆ ಉದುರುದುರು. ಅದನ್ನೇ ಇನ್ನೂ ಒಮ್ಮೆ ಜರಡಿ ಹಿಡಿದು, ತೊಳೆದು, ಒಲೆಯಲ್ಲಿ ಒಣಗಿಸಿ ಇಟ್ಟುಕೊಂಡೆ.

ಎರಡನೆಯ ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದು. ಒಳಗೆ ನೂರು ಮಿಲಿಮೀಟರ್ ಉದ್ದ ಮರಳು, ನಡುವೆ ಉಷ್ಣಾಂಶದ ಕಡ್ಡಿ, ಸುತ್ತ ತಾಮ್ರದ ಕೊಳವೆಯ ಸುರುಳಿ, ಅದರಲ್ಲಿ ಚಿಲ್ಲರ್‌ನಿಂದ ಬರುವ ತಣ್ಣನೆಯ ಗ್ಲೈಕಾಲ್ ನೀರು. ಮೇಲೆ ಥರ್ಮೋಕೋಲ್, ಅದರ ಮೇಲೆ ಗೋಣಿಚೀಲ. ಸುರುಳಿ ಸುತ್ತಿಕೊಟ್ಟವರು ಆಲೂಗಡ್ಡೆಯ ಕೋಲ್ಡ್ ಸ್ಟೋರೇಜುಗಳಿಗೆ ಹೋಗುವ ಮೆಕ್ಯಾನಿಕ್. ಮೇ ತಿಂಗಳಲ್ಲಿ ಅವರನ್ನು ಹಿಡಿಯುವುದು ಸುಲಭವಲ್ಲ. ಜಲಂಧರ್ ಕಡೆಯಿಂದ ಬಂದ ಬಿತ್ತನೆ ಆಲೂಗಡ್ಡೆ ಹೊರಗೆ ಹೋಗುವ ಹೊತ್ತು, ಅವರ ಮೊಬೈಲ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿರುತ್ತದೆ. “ಆಲೂಗಡ್ಡೆಗೂ ನಿಮ್ಮ ಮರಳಿಗೂ ಹೆಚ್ಚುಕಡಿಮೆ ಒಂದೇ ಚಳಿ ಮೇಡಂ. ಆಲೂಗಡ್ಡೆ ಮಾತ್ರ ಕರೆಂಟ್ ಹೋದರೆ ಒಂದು ದಿನ ತಡೆದುಕೊಳ್ಳುತ್ತದೆ” ಎಂದರು. ಆಗ ಅದು ತಮಾಷೆಯ ಮಾತಾಗಿ ಕೇಳಿತು.

ಚಿಲ್ಲರ್ ಅನ್ನು ಒಂದು ಡಿಗ್ರಿಗೆ ನಿಲ್ಲಿಸಿದೆ. ಶೂನ್ಯಕ್ಕಿಂತ ಮೇಲೆ ಇರುವುದರಿಂದ ಮಂಜುಗಡ್ಡೆ ಆಗುವಂತಿಲ್ಲ, 4.4ರ ಕೆಳಗಿರುವುದರಿಂದ ಹೈಡ್ರೇಟ್ ಆಗಬಹುದು. ಏನಾದರೂ ಗಟ್ಟಿಯಾಯಿತೆಂದರೆ ಅದು ಹೈಡ್ರೇಟೇ, ಅನುಮಾನವಿಲ್ಲ. ಆದರೆ ಗಟ್ಟಿಯಾಗಬೇಕಲ್ಲ! ಮೊದಲ ದಿನ ಏನೂ ಇಲ್ಲ. ಎರಡನೆಯ ದಿನವೂ ಪರದೆಯ ಮೇಲೆ ಉಷ್ಣಾಂಶದ ಗೆರೆ ಸಪಾಟು. ಹರಳಿನ ಮೊದಲ ಬೀಜ ಹುಟ್ಟುವುದು ಅದೃಷ್ಟದ ಆಟ. ಅದೇ ದ್ರಾವಣ, ಅದೇ ಉಷ್ಣಾಂಶ, ಒಮ್ಮೆ ಎರಡು ಗಂಟೆ, ಇನ್ನೊಮ್ಮೆ ಎರಡು ದಿನ. ಮೂರನೆಯ ರಾತ್ರಿ ಮಳೆ, ಗಾಳಿ, ವಿದ್ಯುತ್ ಇಲ್ಲ. ಬೆಳಗ್ಗೆ ಬಂದು ನೋಡಿದರೆ ಮರಳು ಹದಿನೆಂಟು ಡಿಗ್ರಿಯಲ್ಲಿ ಆರಾಮಾಗಿ ಕೂತಿತ್ತು. ಹೀಗೆ ನಾಲ್ಕು ಸಲ.

ಒಮ್ಮೆ ಹೈಡ್ರೇಟ್ ಆಗಿ ಕರಗಿದ ನೀರು ಮುಂದಿನ ಸಲ ಬೇಗ ಹೈಡ್ರೇಟ್ ಆಗುತ್ತದೆ, ನೀರಿಗೆ ‘ನೆನಪು’ ಇರುತ್ತದೆ ಎಂದು ಈ ಕ್ಷೇತ್ರದವರು ಹೇಳುತ್ತಾರೆ. ಯಾಕೆ ಎಂಬುದರ ಬಗ್ಗೆ ಅವರಲ್ಲೇ ಜಗಳವಿದೆ. ನನ್ನ ನೀರಿಗೆ ನೆನಪಿಟ್ಟುಕೊಳ್ಳಲು ಮೊದಲ ಅನುಭವವೇ ಆಗಿರಲಿಲ್ಲ.

ದಾರಿ ತೋರಿದವರು ನನ್ನ ಸೋದರಮಾವ. ಅವರು ಹಳ್ಳಿ ಹಳ್ಳಿ ಸುತ್ತಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವವರು. ಭಾನುವಾರ ಊಟಕ್ಕೆ ಕೂತಾಗ ನನ್ನ ಗೋಳು ಕೇಳಿ, “ಚಳಿ ಸಾಲದಿದ್ದರೆ ನನ್ನ ಜಾಡಿಯಿಂದ ಒಂದು ಲೋಟ ತೆಗೆದುಕೊಂಡು ಹೋಗು” ಎಂದರು. ವೀರ್ಯದ ಕಡ್ಡಿಗಳನ್ನು ಇಡುವ ಆ ಜಾಡಿಯಲ್ಲಿರುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. ನನಗೆ ಬೇಕಿದ್ದದ್ದು ಅಷ್ಟೂ ಚಳಿಯಲ್ಲ, ಒಂದು ಸೂಜಿಮೊನೆಯಷ್ಟು ಜಾಗದಲ್ಲಿ ಒಂದು ಕ್ಷಣದ ಚಳಿ. ಜಾಡಿ ತುಂಬಿಸುವ ದಿನ ಮಾವ ಸ್ಟೀಲ್ ಫ್ಲಾಸ್ಕಿನಲ್ಲಿ ಅರ್ಧ ಲೀಟರ್ ಹಾಕಿಕೊಟ್ಟು, ಮುಚ್ಚಳ ಬಿಗಿ ಮಾಡಬಾರದೆಂದು ಮೂರು ಸಲ ಹೇಳಿದರು. ಬಿಗಿ ಮಾಡಿದರೆ ಒಳಗೆ ಆವಿ ಸೇರಿ ಫ್ಲಾಸ್ಕೇ ಸಿಡಿಯುತ್ತದೆ. ಕಾರಿನ ಕಿಟಕಿಗಳನ್ನು ಪೂರ್ತಿ ಇಳಿಸಿ, ಫ್ಲಾಸ್ಕನ್ನು ಹಿಂದಿನ ಸೀಟಿನಲ್ಲಿ ಬಕೆಟ್ಟಿನೊಳಗೆ ನಿಲ್ಲಿಸಿಕೊಂಡು ಮಳೆಯಲ್ಲಿ ನೆನೆಯುತ್ತಲೇ ಹಾಸನ ಸೇರಿದೆ.

ದಪ್ಪ ಕೈಗವಸು ಹಾಕಿ ತಾಮ್ರದ ತಂತಿಯ ತುದಿಯನ್ನು ಸಾರಜನಕದಲ್ಲಿ ಅದ್ದಿದೆ. ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಆಮೇಲೆ ಮೌನ. ಪಾತ್ರೆಯ ಪಕ್ಕದ ರಂಧ್ರದ ಬಿರಡೆ ತೆಗೆದು, ತಂತಿಯನ್ನು ಒಳಗೆ ತೂರಿಸಿ, ಮರಳಿನ ಅಂಚಿಗೆ ಮುಟ್ಟಿಸಿ ಹತ್ತು ಎಣಿಸಿದೆ. ಪರದೆಯ ಗೆರೆ ಒಂದು ಡಿಗ್ರಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಮಲಗಿತ್ತು. ಆಮೇಲೆ ಎದ್ದಿತು. ಒಂದೂವರೆ, ಎರಡು, ಮೂರು, ನಾಲ್ಕು. ಹೊರಗಿನಿಂದ ತಂಪು ಹರಿಯುತ್ತಲೇ ಇದೆ, ಒಳಗೆ ಮರಳು ಬಿಸಿಯಾಗುತ್ತಿದೆ! ಹೈಡ್ರೇಟ್ ಕಟ್ಟುವಾಗ ಶಾಖ ಬಿಡುತ್ತದೆ, ಆ ಶಾಖವೇ ಅದು. 4.2ರ ಹತ್ತಿರ ಹೋಗಿ ಗೆರೆ ಮೇಜಿನಂತೆ ಸಮನಾಗಿ ಬಹಳ ಹೊತ್ತು ನಿಂತಿತು. ಗಂಟೆ ರಾತ್ರಿ ಎಂಟೂವರೆ. ಮನೆಗೆ ಫೋನ್ ಮಾಡಿ ಹೇಳಿದರೆ ಅಮ್ಮ, “ನಾಲ್ಕು ಡಿಗ್ರಿಗೆ ಇಷ್ಟು ಸಂತೋಷವೇ? ಊಟ ಮಾಡಿದೆಯಾ?” ಎಂದರು.

ಇನ್ನು ಗಟ್ಟಿತನ ಅಳೆಯಬೇಕು. ಮರಳನ್ನು ಮುರಿಯದೆ ಅಳೆಯುವ ದಾರಿ ಶಬ್ದ. ಒಂದು ತುದಿಯಿಂದ ಅಲೆ ಬಿಟ್ಟು ಇನ್ನೊಂದು ತುದಿಗೆ ಎಷ್ಟು ಹೊತ್ತಿಗೆ ತಲುಪಿತೆಂದು ನೋಡುವುದು. ಸಮುದ್ರದ ಮೇಲಿನಿಂದ ಹೈಡ್ರೇಟ್ ಹುಡುಕುವವರು ನಂಬುವುದೂ ಶಬ್ದವನ್ನೇ. ಅದಕ್ಕೆ ಬೇಕಾದ ಯಂತ್ರ ಗೌಡರ ಬಳಿ ಇತ್ತು, ಕಾಂಕ್ರೀಟಿನ ಒಳಬಿರುಕು ಹುಡುಕುವ ಅಲ್ಟ್ರಾಸೋನಿಕ್ ಪೆಟ್ಟಿಗೆ. ಗ್ರೀಸ್ ಹಚ್ಚಿ, ಶಬ್ದ ಬಿಡುವ ಬಿಲ್ಲೆಯನ್ನು ಒಂದು ಬದಿಗೆ, ಹಿಡಿಯುವ ಬಿಲ್ಲೆಯನ್ನು ಇನ್ನೊಂದು ಬದಿಗೆ ಒತ್ತಿದರೆ ಮೈಕ್ರೋಸೆಕೆಂಡುಗಳಲ್ಲಿ ಅಂಕಿ ಬರುತ್ತದೆ. ಹೈಡ್ರೇಟ್ ಇದ್ದಾಗ 18 ಬಂತು. ಸಂಭ್ರಮದಿಂದ ಬರೆದುಕೊಂಡೆ. ಕರಗಿಸಿ ಮತ್ತೆ ಅಳೆದೆ, 18. ಮರಳೆಲ್ಲ ತೆಗೆದು ಬರೀ ಪಾತ್ರೆಯನ್ನು ಅಳೆದೆ, 18.

ನಾನು ಯಂತ್ರವನ್ನು ಬೈಯುತ್ತಿದ್ದೆ. ಗೌಡರು ಬಂದು ಸ್ಟೀಲ್ ಪಾತ್ರೆಯನ್ನು ಬೆರಳಿನಿಂದ ಟಕಟಕ ಬಡಿದರು. “ಕಂಬ ಅಳೆಯುವಾಗ ಸರಳಿನ ಉದ್ದಕ್ಕೆ ಹಿಡಿದರೆ ಹೀಗೆಯೇ ಆಗುತ್ತದೆ ಮೇಡಂ. ಶಬ್ದ ಕಾಂಕ್ರೀಟಿನೊಳಗೆ ಯಾಕೆ ತಿಣುಕುತ್ತದೆ? ಕಬ್ಬಿಣದ ದಾರಿ ಹಿಡಿದು ಮೊದಲೇ ಹೋಗಿ ನಿಂತಿರುತ್ತದೆ.” ಒದ್ದೆ ಮರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,700 ಮೀಟರ್, ಉಕ್ಕಿನಲ್ಲಿ ಐದು ಸಾವಿರಕ್ಕೂ ಹೆಚ್ಚು. ನಾನು ಅಷ್ಟು ದಿನ ಅಳೆದದ್ದು ಪಾತ್ರೆಯ ಗೋಡೆಯನ್ನು.

ಹಾಗಾದರೆ ಮರಳಿಗಿಂತ ನಿಧಾನ ಶಬ್ದ ಒಯ್ಯುವ, ಟಿಎಚ್‌ಎಫ್‌ಗೆ ಕರಗದ ಗೋಡೆ ಬೇಕು. ಟೆಫ್ಲಾನ್. ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯಲ್ಲಿ ದಪ್ಪ ಟೆಫ್ಲಾನ್ ಸರಳನ್ನು ಕೊರೆಸಿ ಕೊಳವೆ ಮಾಡಿಸಿದೆ. ನನ್ನ ಒಂದು ತಿಂಗಳ ಸಂಬಳದ ದೊಡ್ಡ ಪಾಲು ಬಿಳಿ ಸಿಪ್ಪೆಯಾಗಿ ಲೇತ್‌ನ ಕೆಳಗೆ ಬಿದ್ದಿತ್ತು. ಅಂಗಡಿಯ ಹುಡುಗ ಅದನ್ನು ಶಾವಿಗೆ ಎಂದು ಕರೆದ. ಟೆಫ್ಲಾನ್ ಶಾಖವನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮರಳು ತಣ್ಣಗಾಗಲು ಇಡೀ ರಾತ್ರಿ ಬೇಕಾಗುತ್ತಿತ್ತು.

ಆದರೆ ಅಂಕಿ ಈಗ ಮಾತಾಡಿತು. ಒದ್ದೆ ಮರಳಿಗೆ 59 ಮೈಕ್ರೋಸೆಕೆಂಡ್. ಸಂದಿಗಳೆಲ್ಲ ಹೈಡ್ರೇಟ್ ತುಂಬಿದ ಮೇಲೆ 28. ವೇಗ ಇಮ್ಮಡಿಗೂ ಹೆಚ್ಚು. ಕೊಳವೆಯಿಂದ ಹೊರತೆಗೆದ ಮರಳಿನ ಕಂಬ ಮೇಜಿನ ಮೇಲೆ ತಾನಾಗಿ ನಿಂತಿತು, ಉಗುರಿನಿಂದ ಕೆರೆದರೆ ಒಂದು ಕಣವೂ ಉದುರಲಿಲ್ಲ.

ಇದು ಪುಸ್ತಕದಲ್ಲಿ ಇದ್ದದ್ದೇ. ನನ್ನನ್ನು ನಿಜಕ್ಕೂ ಕಾಡಿದ್ದು ಮುಂದಿನದು. ಸಂದಿಯಲ್ಲಿ ಅರೆಬರೆ ಹೈಡ್ರೇಟ್ ಮಾತ್ರ ಇರಲೆಂದು ದ್ರಾವಣದಲ್ಲಿ ಟಿಎಚ್‌ಎಫ್ ಕಡಿಮೆ ಮಾಡಿದೆ. ನನ್ನ ಲೆಕ್ಕದಲ್ಲಿ ಸಂದಿಯ ಮೂರನೇ ಒಂದು ಪಾಲು ತುಂಬಬೇಕು. ಉಷ್ಣಾಂಶದ ಗೆರೆ ಎದ್ದು ಇಳಿಯಿತು, ಹೈಡ್ರೇಟ್ ಆಗಿರುವುದು ಖಚಿತ. ಅಳೆದರೆ 53. ಬರೀ ನೀರಿದ್ದಾಗಿನ 59ಕ್ಕೆ ಎಷ್ಟು ಹತ್ತಿರ ನೋಡಿ! ಮತ್ತೆ ತಪ್ಪು ಮಾಡಿದೆನೆಂದು ಗ್ರೀಸ್ ಒರೆಸಿ, ಬಿಲ್ಲೆ ಬದಲಿಸಿ, ಮೂರು ದಿನ ಅದನ್ನೇ ಮಾಡಿದೆ. 53, 54, 53. ಟಿಎಚ್‌ಎಫ್ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದೆ. ಅರ್ಧದ ಆಸುಪಾಸಿಗೆ ಬಂದಾಗ ಅಂಕಿ ಒಮ್ಮೆಲೇ 42ಕ್ಕೆ ಕುಸಿಯಿತು, ಆಮೇಲೆ ಜಾರುಬಂಡೆ.

ಅಂದರೆ ಆರಂಭದ ಹೈಡ್ರೇಟ್ ಸಂದಿಯ ನಡುವೆ, ನೀರಿನಲ್ಲಿ ಮುದ್ದೆಯಂತೆ ಕೂತಿದೆ. ಪಕ್ಕದ ಮರಳಿನ ಕಣಕ್ಕೆ ಅದು ಹೆಗಲು ಕೊಟ್ಟಿಲ್ಲ. ಒಂದು ಹಂತ ದಾಟಿ ಕಣದಿಂದ ಕಣಕ್ಕೆ ಸೇತುವೆ ಆದಾಗಲೇ ಭಾರ ಹೊರುವುದು. ಇದೇ ಮರಳಿಗೆ ನೀರು ಚಿಮುಕಿಸಿ, ಉಳಿದ ಸಂದಿಗೆ ಅನಿಲ ತುಂಬಿ ಹೈಡ್ರೇಟ್ ಮಾಡಿದ್ದರೆ ಕತೆಯೇ ಬೇರೆ. ಆಗ ನೀರು ಕಣಗಳ ಮೂಲೆಗಳಲ್ಲಿ ನಿಂತು, ಅಲ್ಲೇ ಹೈಡ್ರೇಟ್ ಆಗಿ, ಸ್ವಲ್ಪಕ್ಕೇ ಬೆಸುಗೆ ಹಾಕಿಬಿಡುತ್ತದೆ. ಹಾಗೆ ಮಾಡಿದ ಮಾದರಿಯ ವೇಗ ನೋಡಿ ಸಮುದ್ರದಡಿಯ ಹೈಡ್ರೇಟ್ ಪ್ರಮಾಣ ಲೆಕ್ಕ ಹಾಕಿದರೆ ಎಷ್ಟು ಎಡವಬಹುದೆಂದು ಆ 53 ನನಗೆ ಹೇಳಿಕೊಟ್ಟಿತು. ಪ್ರಯೋಗಾಲಯದಲ್ಲಿ ಹೈಡ್ರೇಟ್ ಮಾಡುವ ಕ್ರಮವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಪ್ರಬಂಧಗಳನ್ನು ಕಂಡರೆ ಅಂದಿನಿಂದ ನನಗೆ ಸಿಟ್ಟು.

ಸೆಪ್ಟೆಂಬರ್ ಕೊನೆಗೆ ಜೇಡಿಯ ಸರದಿ. ಕೃಷ್ಣಾ–ಗೋದಾವರಿಯ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ನಮ್ಮ ತೋಟದ ಕೆಂಪು ಮಣ್ಣಿನ ಗುಣ ಬೇರೆ. ಆದರೂ ಒಮ್ಮೆ ನೋಡಿಯೇಬಿಡೋಣ ಎಂದು ಮನೆಯ ಕಾಫಿ ಗಿಡಗಳ ಬುಡದಿಂದ ಒಂದು ಚೀಲ ತಂದು, ಜರಡಿ ಹಿಡಿದು, ದ್ರಾವಣದಲ್ಲಿ ಕಲಸಿ, ರೊಟ್ಟಿ ಹಿಟ್ಟಿನ ಹದಕ್ಕೆ ಒತ್ತಿ ಕೊಳವೆಗೆ ತುಂಬಿದೆ. ತಂತಿ ಮುಟ್ಟಿಸಿದೆ. ಗೆರೆ ಎದ್ದಿತು, ಆದರೆ ಮರಳಿನಲ್ಲಿ ಎದ್ದ ಹಾಗಲ್ಲ. ತಡೆತಡೆದು, ಮೆಟ್ಟಿಲು ಹತ್ತಿದ ಹಾಗೆ.

ಬೆಳಗ್ಗೆ ಏಳಕ್ಕೆ ಕೊಳವೆ ಬಿಚ್ಚಿದೆ. ಗೌಡರೂ ಬಂದಿದ್ದರು. ತಣ್ಣಗಾಗಿಸಿದ ಚಾಕುವಿನಿಂದ ಕಂಬವನ್ನು ಉದ್ದಕ್ಕೆ ಸೀಳಿದಾಗ ಇಬ್ಬರೂ ಸುಮ್ಮನೆ ನಿಂತೆವು. ಹೈಡ್ರೇಟ್ ಮಣ್ಣಿನೊಳಗೆ ಹರಡಿಕೊಂಡಿರಲಿಲ್ಲ. ಬೇಸಗೆಯಲ್ಲಿ ಕೆರೆಯಂಗಳ ಬಿರಿದ ಜಾಲಕ್ಕೆ ಯಾರೋ ಸುಣ್ಣ ಮೆತ್ತಿದಂತೆ, ಕೆಂಪು ಮಣ್ಣಿನಲ್ಲಿ ಬೆಳ್ಳಗಿನ ಎಳೆಗಳು. ಜೇಡಿಯ ಸಂದಿ ತೀರಾ ಕಿರಿದು, ಹರಳಿಗೆ ಅಲ್ಲಿ ಜಾಗ ಸಾಲದು. ಅದು ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಂಡು, ಮಣ್ಣನ್ನು ಪಕ್ಕಕ್ಕೆ ತಳ್ಳಿ, ತನ್ನ ಬಿರುಕನ್ನು ತಾನೇ ಮಾಡಿಕೊಳ್ಳುತ್ತದೆ. 2006ರಲ್ಲಿ ಹಡಗಿನವರು ಕಂಡ ಜೇಡಿಯಲ್ಲಿಯೂ ಹೈಡ್ರೇಟ್ ಇದ್ದದ್ದು ಬಿರುಕುಗಳಲ್ಲಿ, ಎಳೆ ಎಳೆಯಾಗಿ. ಎಳೆಗಳ ನಡುವಿನ ಮಣ್ಣನ್ನು ಒತ್ತಿ ನೋಡಿದೆ. ನಾನು ತುಂಬಿದಾಗ ಇದ್ದದ್ದಕ್ಕಿಂತ ಒಣಗಿ ಬಿಗಿಯಾಗಿತ್ತು.

“ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟ್ ಒಡೆಯುವುದು ಹೀಗೆಯೇ” ಎಂದರು ಗೌಡರು. ಫೋಟೊ ತೆಗೆದೆ. ಅಲ್ಟ್ರಾಸೋನಿಕ್ ಬಿಲ್ಲೆ ಇಡೋಣವೆಂದು ತಿರುಗುವಷ್ಟರಲ್ಲಿ ಎಳೆಗಳ ಅಂಚು ಮಿನುಗತೊಡಗಿತ್ತು. ನೋಡನೋಡುತ್ತ ಬಿಳುಪು ಪಾರದರ್ಶಕವಾಯಿತು, ಬಿರುಕುಗಳು ಬಾಯಿ ತೆರೆದವು, ಕೋಣೆಯಲ್ಲಿ ಮತ್ತೆ ಪೈಪ್ ಅಂಟಿನ ವಾಸನೆ. ಮಣ್ಣಿನ ಕಂಬ ಒಂದು ಪಕ್ಕಕ್ಕೆ ವಾಲಿ ತಟ್ಟೆಯಲ್ಲಿ ಕೂತುಬಿಟ್ಟಿತು. ನಾಳೆ ಕೊಳವೆಯಿಂದ ತೆಗೆಯದೆಯೇ ಅಳೆಯಬೇಕು ಎಂದುಕೊಂಡೆ.

“ನಾಳೆ ಪೆಟ್ಟಿಗೆ ಸಿಗುವುದಿಲ್ಲ ಮೇಡಂ” ಎಂದು ಗೌಡರು ಬಿಲ್ಲೆಗಳ ಗ್ರೀಸ್ ಒರೆಸತೊಡಗಿದರು. ಹೊಳೆನರಸೀಪುರ ರಸ್ತೆಯ ಯಾವುದೋ ಸೇತುವೆಯ ಕಂಬ ಅಳೆಯಲು ಗುತ್ತಿಗೆದಾರರು ಒಂಬತ್ತಕ್ಕೇ ಬರುವವರಿದ್ದರು.